ಕುತ್ತಿಗೆಗೆ ಕಟ್ಟಿದ ಯಂತ್ರ

ಬೆಂಗಳೂರು, ಆಸ್ಪತ್ರೆ
8 ಜುಲೈ 2024

ಗಂಗಲಕ್ಷ್ಮಿಗೆ,

ಕಾಗದದ ತಲೆಯ ಮೇಲೆ ‘ಇತ್ತ ಕ್ಷೇಮ’ ಎಂದು ಬರೆಯುವುದು ರೂಢಿ. ಆಸ್ಪತ್ರೆಯ ಮಂಚದ ಮೇಲೆ ಕೂತು ಹಾಗೆ ಬರೆದರೆ ಡಾಕ್ಟರೂ ನಗುತ್ತಾರೆ, ದೇವರೂ ನಗುತ್ತಾನೆ. ಆದ್ದರಿಂದ ಇತ್ತ ಏನಿದೆಯೋ ಅದನ್ನೇ ಬರೆಯುತ್ತೇನೆ.

ನೀನು ದೊಡ್ಡಬಳ್ಳಾಪುರದ ಮನೆ ಬಿಟ್ಟು ಸಮೇತನಹಳ್ಳಿಯ ಅಕ್ಕನ ಮನೆಗೆ ಹೋಗಿ ನಾಲ್ಕು ವರ್ಷವಾಯಿತು. ಅಷ್ಟೂ ದಿನ ಒಂದಕ್ಷರ ಬರೆಯದವನು ಈಗೇಕೆ ಬರೆಯುತ್ತಿದ್ದಾನೆ ಎಂದು ನಿನ್ನ ಅಕ್ಕ ಮುನಿಗಂಗಮ್ಮ ಕೇಳಿಯೇ ಕೇಳುತ್ತಾಳೆ. ಬೇರೆ ದಾರಿ ಇಲ್ಲ ಎಂದು ಹೇಳು. ಫೋನ್ ಮಾಡಲು ಧ್ವನಿಯಿಲ್ಲ. ಅರ್ಪಿತಾಳ ಕೈಯಲ್ಲಿ ಮೆಸೇಜ್ ಹಾಕಿಸಬಹುದು, ಆದರೆ ಗಂಡ ಹೆಂಡಿರ ಮಾತು ಮಗಳ ಬೆರಳಿನಿಂದ ಹೋಗುವುದು ನನಗೆ ಸರಿ ಕಾಣಲಿಲ್ಲ.

ಗಂಟಲಿನ ಗಡ್ಡೆಯ ವಿಷಯ ಅವಳು ನಿನಗೆ ಹೇಳಿದ್ದಾಳೆ ಎಂದು ಗೊತ್ತು. ಮೊದಲು ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ಸುಟ್ಟರು. ಅದಕ್ಕೆ ಜಗ್ಗಲಿಲ್ಲ. ಮೇ ತಿಂಗಳಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ನನ್ನ ಉಸಿರು ಮೂಗಿನಲ್ಲಿ ಓಡಾಡುವುದಿಲ್ಲ, ಕುತ್ತಿಗೆಯ ಬುಡದಲ್ಲಿ ಮಾಡಿರುವ ತೂತಿನಲ್ಲಿ ಓಡಾಡುತ್ತದೆ. ಊಟ ಮೂಗಿಗೆ ಹಾಕಿದ ಕೊಳವೆಯಲ್ಲಿ. ಮೂಗಿನ ಕೆಲಸ ಕುತ್ತಿಗೆಗೆ, ಬಾಯಿಯ ಕೆಲಸ ಮೂಗಿಗೆ ಬದಲು ಮಾಡಿಕೊಟ್ಟಿದ್ದಾರೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ನನಗೆ ಬಂಗಾರವೇ ಸಿಕ್ಕಿದೆ. ಅಡವಿಡೋಣ ಎಂದರೆ ಯಾರೂ ತೆಗೆದುಕೊಳ್ಳುತ್ತಿಲ್ಲ.

ಅಲ್ಲಿಗೆ ಮುಗಿದಿದ್ದರೆ ಇಷ್ಟರಲ್ಲಿ ಮನೆಯಲ್ಲಿರುತ್ತಿದ್ದೆ. ಮುಗಿಯಲಿಲ್ಲ. ಸುಟ್ಟ ಚರ್ಮ ಹೊಲಿಗೆಯನ್ನು ಹಿಡಿಯಲಿಲ್ಲವಂತೆ. ಕುತ್ತಿಗೆಯ ಎಡಕ್ಕೆ ಗಾಯ ಬಾಯಿಬಿಟ್ಟಿತು. ನುಂಗಿದ ಎಂಜಲು ಅಲ್ಲಿಂದ ಹೊರಗೆ ಬರಲು ಶುರುವಾಯಿತು. ಎಂಜಲು ತಾಗಿದಷ್ಟೂ ಗಾಯ ಕೊಳೆಯುತ್ತದೆ, ಕೊಳೆತಷ್ಟೂ ಅಗಲವಾಗುತ್ತದೆ. ಆ ವಾಸನೆಗೆ ಪಕ್ಕದ ಮಂಚದವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ನಾನೂ ತಿರುಗಬಹುದಿತ್ತು, ಆದರೆ ಕುತ್ತಿಗೆ ನನ್ನ ಜೊತೆಗೇ ಬರುತ್ತಿತ್ತು.

ಈಗ ಒಂದು ಯಂತ್ರ ಹಾಕಿದ್ದಾರೆ. ಕಪ್ಪು ಸ್ಪಂಜನ್ನು ಗಾಯದ ಅಳತೆಗೆ ಕತ್ತರಿಸಿ ಒಳಗೆ ಕೂರಿಸುತ್ತಾರೆ. ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಗಾಳಿಯಾಡದ ಹಾಗೆ ಅಂಟಿಸುತ್ತಾರೆ. ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಡಬ್ಬಿ, ಡಬ್ಬಿಯ ಹಿಂದೆ ಯಂತ್ರ. ಅದು ಹಗಲೂ ರಾತ್ರಿ ಒಳಗಿನ ಗಾಳಿಯನ್ನು ಹೀರುತ್ತಲೇ ಇರುತ್ತದೆ. ಗಾಳಿಯ ಜೊತೆ ಕೀವು, ಎಂಜಲು, ಕೆಟ್ಟ ನೀರು ಎಲ್ಲವೂ ಡಬ್ಬಿಗೆ. ಡಾಕ್ಟರು ಹೇಳಿದರು, ‘ಎಳೀತಾ ಇದ್ರೆ ಗಾಯದ ಅಂಚು ಒಂದಕ್ಕೊಂದು ಹತ್ರ ಬರುತ್ತೆ ಯಜಮಾನ್ರೆ, ಒಳಗೆ ಹೊಸ ಮಾಂಸ ಚಿಗುರುತ್ತೆ. ಕುತ್ತಿಗೇಲಿ ಇದನ್ನ ಹಾಕೋದೇ ಕಷ್ಟ. ಒಂದು ಕಡೆ ಉಸಿರಿನ ತೂತು, ಒಂದು ಕಡೆ ಗಡ್ಡ, ಪಕ್ಕದಲ್ಲೇ ದೊಡ್ಡ ರಕ್ತನಾಳ. ತುಂಬಾ ಮೆತ್ತಗೆ ಎಳೀಬೇಕು.’ ಐವತ್ತೊಂಬತ್ತು ವರ್ಷ ನನ್ನ ಜೊತೆ ಯಾರೂ ಮೆತ್ತಗೆ ವ್ಯವಹರಿಸಿರಲಿಲ್ಲ, ನಾನೂ ಯಾರ ಜೊತೆಗೂ ವ್ಯವಹರಿಸಿರಲಿಲ್ಲ.

ವಿಷಯ ಇಷ್ಟೇ. ನಿನಗೆ ತಿಳಿದಿರಲಿ ಎಂದು ಬರೆದೆ. ಅಕ್ಕನಿಗೆ ಈ ಕಾಗದ ಓದಿ ಹೇಳಬೇಡ, ಖುಷಿಪಟ್ಟಾಳು.

ಆದಿನಾರಾಯಣಪ್ಪ


ಸಮೇತನಹಳ್ಳಿ
22 ಜುಲೈ 2024

ಅರ್ಪಿತಾಳ ಅಪ್ಪನವರಿಗೆ,

ಕಾಗದ ತಲುಪಿತು. ಅಕ್ಕನಿಗೆ ಓದಿ ಹೇಳಿದೆ. ಅವಳು ಖುಷಿಪಡಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡು ‘ಹಾಳಾದೋನು, ಬೀಡಿ ಬಿಡು ಅಂದ್ರೆ ನನ್ನನ್ನೇ ಬೈದಿದ್ದ’ ಎಂದಳು.

ನೀವು ಆಸ್ಪತ್ರೆ ಸೇರಿದ ಮೇಲೆ ನಾನು ಬರಲಿಲ್ಲ ಎಂಬುದು ಊರಿನ ಬಾಯಲ್ಲಿ ಬಂದಿದೆ. ಬರಬೇಕಿತ್ತೋ ಏನೋ. ಆಪರೇಷನ್ನಿನ ದಿನ ಹೊಸಕೋಟೆಯ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದೆ. ಅಲ್ಲಿ ಕೂತು ಎರಡು ಬಸ್ಸು ಬಿಟ್ಟೆ. ಆಮೇಲೆ ಹೂವು ಕೊಂಡುಕೊಂಡು ವಾಪಸ್ಸು ಬಂದೆ.

ಯಂತ್ರದ ವಿಷಯ ಪೂರ್ತಿ ಅರ್ಥವಾಗಲಿಲ್ಲ. ನೋವಿದೆಯೇ ಎಂದು ನೀವು ಬರೆದಿಲ್ಲ. ಇಲ್ಲಿ ಮಳೆ ಪರವಾಗಿಲ್ಲ, ಅಕ್ಕನ ಮನೆಯವರು ರಾಗಿ ಬಿತ್ತಿದ್ದಾರೆ.

ಗಂಗಲಕ್ಷ್ಮಮ್ಮ


ಬೆಂಗಳೂರು, ಆಸ್ಪತ್ರೆ
4 ಆಗಸ್ಟ್ 2024

ಗಂಗಲಕ್ಷ್ಮಿಗೆ,

ನೋವಿದೆಯೇ ಎಂದು ಕೇಳಿದ್ದೀಯ. ಸ್ಪಂಜು ಬದಲಿಸುವ ದಿನ ಇದೆ. ಎರಡು ಮೂರು ದಿನಕ್ಕೊಮ್ಮೆ ಹಳೆಯದನ್ನು ಕಿತ್ತು ಹೊಸದನ್ನು ಇಡುತ್ತಾರೆ. ಹೊಸ ಮಾಂಸ ಸ್ಪಂಜಿಗೆ ಕಚ್ಚಿಕೊಂಡಿರುತ್ತದೆ, ಬಿಡಿಸುವಾಗ ಜೀವ ಬಾಯಿಗೆ ಬರುತ್ತದೆ. ಬಾಯಿಗೆ ಬಂದದ್ದು ಹೊರಗೆ ಬರಲು ಧ್ವನಿಯಿಲ್ಲ. ಕಿರುಚಲಾರದ ನೋವು ಎರಡರಷ್ಟು ಎಂದು ಈಗ ತಿಳಿಯಿತು.

ನರ್ಸ್ ರಮ್ಯ ಎಂಬ ಹುಡುಗಿ ಒಳ್ಳೆಯವಳು. ನಲ್ಲೂರಿನವಳು. ಮೊದಲು ಸುತ್ತಲಿನ ಗಡ್ಡವನ್ನು ನುಣ್ಣಗೆ ತೆಗೆಯುತ್ತಾಳೆ, ಒಂದು ಕೂದಲು ಉಳಿದರೂ ಹಾಳೆ ಕಚ್ಚುವುದಿಲ್ಲ, ಗಾಳಿ ಸೋರುತ್ತದೆ, ಯಂತ್ರ ಅರಚಿಕೊಳ್ಳುತ್ತದೆ. ಕುತ್ತಿಗೆಯ ಮಡಿಕೆಯಲ್ಲಿ ಹಿಟ್ಟಿನಂಥದ್ದನ್ನು ತುಂಬಿ ಮಟ್ಟ ಮಾಡುತ್ತಾಳೆ. ಆಮೇಲೆ ಯಂತ್ರ ಹಚ್ಚಿದ ಕೂಡಲೇ ಸ್ಪಂಜು ಮುದುಡಿಕೊಂಡು ಒಳಗೆ ಕೂರುತ್ತದೆ. ಆಗ ಅವಳು ‘ಹಿಡೀತು ತಾತ’ ಎನ್ನುತ್ತಾಳೆ. ಇಡೀ ದಿನದಲ್ಲಿ ನನಗೆ ಇಷ್ಟವಾದ ಮಾತು ಅದೊಂದೇ.

ಆದರೆ ಅವಳಿಗೂ ನನ್ನ ಬಾಯಿ ತಿಳಿಯುವುದಿಲ್ಲ. ನಾಲಿಗೆ ತುಟಿ ಎಲ್ಲಾ ಮೊದಲಿನ ಹಾಗೆಯೇ ಆಡುತ್ತವೆ, ಸದ್ದು ಮಾತ್ರ ಇಲ್ಲ. ಮೊನ್ನೆ ಹೊದಿಕೆ ಕೇಳಿದೆ, ಮೂತ್ರದ ಡಬ್ಬಿ ತಂದಳು. ಬೇಡ ಎಂದರೆ ಡಾಕ್ಟರನ್ನು ಕರೆದಳು. ಅರ್ಪಿತಾಳೂ ಅಷ್ಟೇ, ನಾನು ಬಾಯಿ ತೆರೆದರೆ ಅವಳ ಕಣ್ಣು ತುಂಬುತ್ತದೆ, ತುಂಬಿದ ಕಣ್ಣಿಗೆ ಏನು ಕಾಣುತ್ತದೆ. ಒಂದು ಸ್ಲೇಟು ತಂದುಕೊಟ್ಟು ಹೋದಳು. ಬಳಪದಲ್ಲಿ ‘ನೀರು’ ಎಂದು ಬರೆದು ತೋರಿಸುವಷ್ಟರಲ್ಲಿ ಬಂದವರು ಹೋಗಿರುತ್ತಾರೆ. ನೂರು ಜನರಿರುವ ವಾರ್ಡಿನಲ್ಲಿ ನಾನೊಬ್ಬನೇ ಇದ್ದೇನೆ. ಇದನ್ನು ದೊಡ್ಡ ಮಾತು ಎಂದು ತಿಳಿಯಬೇಡ, ಇರುವುದೇ ಹಾಗೆ.

ಗಾಯ ಸಣ್ಣದಾಗುತ್ತಿದೆ. ರಮ್ಯ ಕನ್ನಡಿ ಹಿಡಿದು ತೋರಿಸಿದಳು. ಒಳಗೆ ಕೆಂಪಗೆ, ಎಳೆ ಮಗುವಿನ ಒಸಡಿನ ಹಾಗೆ ಇತ್ತು. ಇನ್ನು ಆಸ್ಪತ್ರೆಯಲ್ಲೇ ಇರಬೇಕಿಲ್ಲ, ಕೈಚೀಲದಷ್ಟು ಸಣ್ಣ ಯಂತ್ರ ಕೊಡುತ್ತೇವೆ, ಮನೆಗೆ ಹೋಗಿ, ಸ್ಪಂಜು ಬದಲಿಸಲು ಮಾತ್ರ ಬನ್ನಿ ಎನ್ನುತ್ತಾರೆ ಡಾಕ್ಟರು. ಒಂದೇ ಷರತ್ತು. ಯಂತ್ರವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕು. ಅರ್ಪಿತ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಷಿಫ್ಟಿನಲ್ಲಿ ನಿಲ್ಲುತ್ತಾಳೆ, ಮಗು ಇನ್ನೂ ಸಣ್ಣದು. ಅಳಿಯ ಮನೋಹರ್ ‘ನಮ್ಮನೇಗೇ ಬನ್ನಿ ಮಾವ’ ಎಂದ. ಆ ಒಂದು ಕೋಣೆಯಲ್ಲಿ ಅವರು ಮೂವರು, ಈ ವಾಸನೆಯ ಜೊತೆ ನಾನು, ಆಗುವ ಮಾತಲ್ಲ.

‘ಮನೇಲಿ ಯಾರಿದ್ದಾರೆ?’ ಎಂದು ಡಾಕ್ಟರು ಕೇಳಿದರು. ಯಾರೂ ಇಲ್ಲ ಎಂದು ಸ್ಲೇಟಿನ ಮೇಲೆ ಬರೆದೆ. ಹಾಗಾದರೆ ಇಲ್ಲೇ ಇರಿ ಎಂದರು. ಇದ್ದೇನೆ.

ಆದಿನಾರಾಯಣಪ್ಪ


ಸಮೇತನಹಳ್ಳಿ
12 ಆಗಸ್ಟ್ 2024

ಅರ್ಪಿತಾಳ ಅಪ್ಪನವರಿಗೆ,

ಸ್ಲೇಟಿನ ಮೇಲೆ ಬರೆದದ್ದನ್ನು ಅಳಿಸಿ. ನಾನು ಗುರುವಾರ ಬರುತ್ತೇನೆ. ಯಂತ್ರ ನೋಡಿಕೊಳ್ಳುವುದು ಹೇಗೆಂದು ಆ ಹುಡುಗಿ ರಮ್ಯ ಹೇಳಿಕೊಡಲಿ.

ಒಂದು ಮಾತು ಮೊದಲೇ ತಿಳಿದಿರಲಿ. ನಾನು ಬರುತ್ತಿರುವುದು ಗಾಯಕ್ಕೆ. ಗಾಯ ಮುಚ್ಚಿದ ದಿನ ನನ್ನ ಬ್ಯಾಗು ನನ್ನ ಕೈಯಲ್ಲಿರುತ್ತದೆ. ಅಕ್ಕನೂ ಇದನ್ನೇ ಹೇಳಿ ಕಳುಹಿಸುತ್ತಿದ್ದಾಳೆ.

ಗಂಗಲಕ್ಷ್ಮಮ್ಮ


ಬೆಂಗಳೂರು, ಆಸ್ಪತ್ರೆ
29 ಸೆಪ್ಟೆಂಬರ್ 2024

ಗಂಗಲಕ್ಷ್ಮಿಗೆ,

ನಿನ್ನ ಜೊತೆ ಮನೆಯಲ್ಲಿ ಒಂದು ತಿಂಗಳು ಇದ್ದು, ಮತ್ತೆ ಅದೇ ವಾರ್ಡು. ಮಂಚ ಮಾತ್ರ ಕಿಟಕಿಯ ಪಕ್ಕದ್ದು ಸಿಕ್ಕಿದೆ.

ಆ ಸೋಮವಾರ ನೀನು ನನ್ನನ್ನು ಇಲ್ಲಿ ಸೇರಿಸಿ, ಅರ್ಪಿತ ಬರುವವರೆಗೆ ಬಾಗಿಲಲ್ಲಿ ನಿಂತಿದ್ದು, ಅವಳು ಬಂದ ಕೂಡಲೇ ಹೊರಟುಹೋದೆ. ಹೋಗುತ್ತೇನೆ ಎಂದೂ ಹೇಳಲಿಲ್ಲ. ಔಷಧಿ ತರಲು ಹೋಗಿದ್ದೀಯ ಎಂದುಕೊಂಡು ನಾನು ಸಂಜೆಯವರೆಗೂ ಬಾಗಿಲು ನೋಡುತ್ತಿದ್ದೆ. ಸಂಜೆ ಅರ್ಪಿತ ‘ಅಮ್ಮ ಊರಿಗೆ ಹೋದ್ಲಪ್ಪ’ ಎಂದಳು.

ಏನಾಯಿತು ಎಂದು ಡಾಕ್ಟರಿಗೆ ನಾನೇ ಬರೆದು ತಿಳಿಸಿದೆ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಯಂತ್ರ ಅರಚಿಕೊಂಡಿತು. ನೀನು ಓಡಿಬಂದು ಸ್ವಿಚ್ಚು ಆರಿಸಿದೆ. ರಮ್ಯಳಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಬೆಳಿಗ್ಗೆ ಸಿಕ್ಕಿದಳು. ಅಷ್ಟರಲ್ಲಿ ರಾತ್ರಿ ಪೂರ್ತಿ ಯಂತ್ರ ನಿಂತಿತ್ತು. ಹೀರುವುದು ನಿಂತರೆ ಆ ಸ್ಪಂಜು ಔಷಧಿಯಲ್ಲ, ಬರೀ ಕೊಳಕು ಬಟ್ಟೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸಿದರೆ ಸ್ಪಂಜನ್ನೇ ತೆಗೆದುಬಿಡಬೇಕಂತೆ. ಎಂಜಲೆಲ್ಲ ಒಳಗೇ ನಿಂತು, ಬೆಳೆದಿದ್ದ ಹೊಸ ಮಾಂಸ ಬೂದಿಬಣ್ಣಕ್ಕೆ ತಿರುಗಿತ್ತು. ಇಲ್ಲಿ ಅದನ್ನೆಲ್ಲ ಕೆರೆದು ತೆಗೆದರು. ಈಗ ಗಾಯ ಜುಲೈನಲ್ಲಿ ಇದ್ದದ್ದಕ್ಕಿಂತ ದೊಡ್ಡದು.

ಡಾಕ್ಟರು ಬೈಯಲಿಲ್ಲ. ‘ಆಫ್ ಮಾಡಬೇಡಿ ಅಂತ ಹೇಳಿರಲಿಲ್ವಾ?’ ಎಂದು ರಮ್ಯಳನ್ನು ಕೇಳಿದರು. ಅವಳು ಹೇಳಿದ್ದಳು, ನನ್ನೆದುರಿಗೇ ನಿನಗೆ ಹೇಳಿದ್ದಳು. ಅವಳ ಮೇಲೆ ಮಾತು ಬರಬಾರದೆಂದು ಅದನ್ನೂ ಸ್ಲೇಟಿನ ಮೇಲೆ ಬರೆದೆ.

ನನಗೆ ಅರ್ಥವಾಗದೇ ಇರುವುದು ಒಂದೇ. ನೀನು ಯಾಕೆ ಹಾಗೆ ಹೊರಟುಹೋದೆ? ತಪ್ಪು ಯಾರಿಂದ ಆಗುವುದಿಲ್ಲ. ಮೊದಲಿನ ಹಾಗಾಗಿದ್ದರೆ ಬೀದಿಗೆ ಕೇಳುವ ಹಾಗೆ ಕೂಗಿರುತ್ತಿದ್ದೆ, ಒಪ್ಪುತ್ತೇನೆ. ಆದರೆ ಈ ಸಲ ನಾನು ನಿನಗೆ ಒಂದು ಮಾತಾದರೂ ಅಂದೆನೇ? ತುಟಿ ಪಿಟಕ್ ಎನ್ನಲಿಲ್ಲ. ಧ್ವನಿಯಿಲ್ಲದವನು ಬೈಯುವುದಾದರೂ ಹೇಗೆ?

ನೀನಿದ್ದ ಆ ಒಂದು ತಿಂಗಳು ಚೆನ್ನಾಗಿತ್ತು. ಹೇಳಿಬಿಡುತ್ತೇನೆ. ಕೊಳವೆಯಲ್ಲಿ ಗಂಜಿ ಬಿಡುವಾಗ ನೀನು ಆರಿದೆಯೇ ಎಂದು ಮೊದಲು ನಿನ್ನ ಮುಂಗೈ ಮೇಲೆ ಹಾಕಿಕೊಂಡು ನೋಡುತ್ತಿದ್ದೆ. ಪಕ್ಕದ ಮನೆಯ ಭಾಗ್ಯಮ್ಮನವರ ಮಗ್ಗಗಳ ಸದ್ದಿಗೆ ಮಧ್ಯಾಹ್ನ ನಿದ್ದೆ ಬರುತ್ತಿತ್ತು. ಆ ಸ್ಲೇಟನ್ನು ನಾನು ಒಂದು ದಿನವೂ ಮುಟ್ಟಲಿಲ್ಲ, ಚೀಲದಲ್ಲೇ ಇತ್ತು. ಇಲ್ಲಿಗೆ ಬಂದ ಮೇಲೆ ಮತ್ತೆ ತೆಗೆದೆ.

ಆದಿನಾರಾಯಣಪ್ಪ


ಸಮೇತನಹಳ್ಳಿ
15 ಅಕ್ಟೋಬರ್ 2024

ಅರ್ಪಿತಾಳ ಅಪ್ಪನವರಿಗೆ,

ತುಟಿ ಪಿಟಕ್ ಎನ್ನಲಿಲ್ಲ ಎಂದು ಬರೆದಿದ್ದೀರಿ. ನೀವು ಅಂದದ್ದೆಲ್ಲ ತುಟಿಯಲ್ಲೇ ಅಂದಿರಿ.

ಅವತ್ತು ಆಸ್ಪತ್ರೆಯಲ್ಲಿ ಸ್ಪಂಜು ತೆಗೆದಾಗ ನಾನು ಮಂಚದ ಕಾಲ ಕಡೆ ನಿಂತಿದ್ದೆ. ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ನೀವು ಸೂರು ನೋಡುತ್ತಾ ಮಾತಾಡಿದಿರಿ. ‘ಮನೆ ಹಾಳು ಮಾಡಕ್ಕೇ ಬಂದ್ಲು. ನಾಕು ವರ್ಷ ನೆಮ್ಮದಿಯಾಗಿದ್ದೆ. ಮುಟ್ಟಿದ್ದೆಲ್ಲಾ ಕೆಡಿಸೋ ಕೈ ಅದು. ಸತ್ರೂ ಈ ಹೆಂಗಸಿನ ಕೈಲಿ ಸಾಯಬಾರ್ದು.’ ಕೊನೆಯ ಮಾತನ್ನು ಎರಡು ಸಲ ಹೇಳಿದಿರಿ. ರಮ್ಯಳಿಗೆ ತಿಳಿಯಲಿಲ್ಲ. ಪಾಪ, ಅವಳು ‘ನೋಯ್ತಿದ್ಯಾ ತಾತ’ ಎಂದು ನಿಮ್ಮ ಭುಜ ಸವರಿದಳು.

ನಾನು ನಿಮ್ಮ ಮಗ್ಗದ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಅಲ್ಲಿಂದ ಮನೆ ಬಿಡುವವರೆಗೆ ಆ ಸದ್ದಿನಲ್ಲಿ ನಿಂತು ಲಾಳಿಗೆ ನೂಲು ಸುತ್ತಿದ ಕಂಡಿಕೆ ತುಂಬಿದವಳು ನಾನು. ಮಗ್ಗ ಓಡುವಾಗ ಅಲ್ಲಿ ಯಾರು ಕಿವಿಯಲ್ಲಿ ಕೇಳುತ್ತಾರೆ? ಆ ತುದಿಯಿಂದ ನೀವು ‘ರೇಷ್ಮೆ ತಾ’ ಎಂದರೆ ಬಾಯಿ ನೋಡಿಯೇ ತಂದಿದ್ದೇನೆ, ‘ಕತ್ತೆ’ ಎಂದರೆ ಬಾಯಿ ನೋಡಿಯೇ ನುಂಗಿದ್ದೇನೆ. ಇಡೀ ದೊಡ್ಡಬಳ್ಳಾಪುರದ ಮಗ್ಗದ ಹೆಂಗಸರು ಹೀಗೇ. ಆ ಒಂದು ತಿಂಗಳು ನೀವು ಸ್ಲೇಟು ಮುಟ್ಟಲಿಲ್ಲ ಎನ್ನುತ್ತೀರಿ. ನೀರು ಎಂದಾಗ ನೀರು, ದಿಂಬು ಎಂದಾಗ ದಿಂಬು ಹೇಗೆ ಬಂತು ಎಂದು ಒಂದು ಸಲವೂ ಯೋಚಿಸಲಿಲ್ಲವೇ? ಬಂತು, ತೆಗೆದುಕೊಂಡಿರಿ.

ಸ್ವಿಚ್ಚು ಆರಿಸಿದ್ದು ನನ್ನ ತಪ್ಪು. ಆರಿಸಬಾರದು ಎಂದು ರಮ್ಯ ಹೇಳಿದ್ದು ನೆನಪಿತ್ತು, ಆದರೆ ಕೈ ಕೇಳಲಿಲ್ಲ. ಎಳೆ ಕಿತ್ತುಹೋದರೆ ಮೊದಲು ಮಗ್ಗ ನಿಲ್ಲಿಸು, ಆಮೇಲೆ ಏನಾಯಿತೆಂದು ನೋಡು ಎಂದು ಮದುವೆಯಾದ ಹೊಸದರಲ್ಲಿ ಹೇಳಿಕೊಟ್ಟವರು ನೀವೇ, ಕೂಗಿ ಕೂಗಿ ಹೇಳಿಕೊಟ್ಟಿರಿ. ಅರಚುವ ಯಂತ್ರವನ್ನು ಓಡಲು ಬಿಡುವುದು ನಮ್ಮ ಕೈಗೆ ಗೊತ್ತಿಲ್ಲ. ನಿಂತರೆ ಹಾನಿಯಿಲ್ಲ, ಓಡಿದರೆ ಹಾನಿ ಎಂದುಕೊಂಡೆ. ರಾತ್ರಿಯೆಲ್ಲಾ ನಿಮ್ಮ ಪಕ್ಕದಲ್ಲೇ ಎದ್ದು ಕೂತಿದ್ದೆ, ಒಳಗೆ ಕೊಳೆಯುತ್ತಿದೆ ಎಂದು ತಿಳಿಯದೆ.

ನಾಲ್ಕು ವರ್ಷದ ಹಿಂದೆ ಅರ್ಪಿತಾಳ ಗಂಡನ ಮನೆಯವರು ಊಟಕ್ಕೆ ಬಂದಾಗ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೀವು ಕೂಗಿದಿರಿ. ಮನೋಹರ್ ಕಲಸಿದ ತುತ್ತನ್ನು ಎಲೆಯ ಮೇಲೇ ಬಿಟ್ಟು ಎದ್ದ. ಮನೆ ಬಿಟ್ಟು ಬಂದದ್ದು ಆ ಉಪ್ಪಿಗಲ್ಲ, ಆ ಧ್ವನಿಗೆ. ಧ್ವನಿ ಹೋಯಿತು ಎಂದಾಗ, ದೇವರೇ ಕ್ಷಮಿಸು, ಇನ್ನು ಆ ಮನೆಯಲ್ಲಿ ಇರಬಹುದೇನೋ ಎಂದು ನನಗೆ ಅನ್ನಿಸಿತ್ತು. ಗಾಯಕ್ಕೆ ಬರುತ್ತೇನೆ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಈಗ ತಿಳಿಯಿತು, ಕತ್ತರಿಸಿ ತೆಗೆದದ್ದು ಸದ್ದನ್ನು ಮಾತ್ರ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಇನ್ನು ಬರುವುದಿಲ್ಲ.

ಗಂಗಲಕ್ಷ್ಮಮ್ಮ


ಬೆಂಗಳೂರು, ಆಸ್ಪತ್ರೆ
17 ನವೆಂಬರ್ 2024

ಗಂಗಲಕ್ಷ್ಮಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಜಗಳದ ಸಾಲೇ ಬರುತ್ತಿತ್ತು. ಹರಿದು ಹಾಕಿದೆ.

ಆ ಮಾತುಗಳನ್ನು ನಾನು ಆಡಿದೆ. ಆಡಿಲ್ಲ ಎಂದು ನಿಜವಾಗಿಯೂ ನಂಬಿದ್ದೆ. ಸದ್ದಿಲ್ಲದ ಮೇಲೆ ಅದು ಮಾತಲ್ಲ, ಮನಸ್ಸಿನೊಳಗೆ ಬಂದುಹೋದದ್ದು ಎಂದುಕೊಂಡಿದ್ದೆ. ನಿನ್ನ ಕಣ್ಣು ನನಗೆ ನೆನಪಾಗಲಿಲ್ಲ. ನೀರು ಎಂದಾಗ ನೀರು ಬರುತ್ತಿತ್ತು, ಕೊಳವೆಗೆ ಬಿಡುವವರು ಹೇಗೆ ಕೇಳಿಸಿಕೊಂಡರು ಎಂದು ಯೋಚಿಸುವ ಅಭ್ಯಾಸ ನನಗಿಲ್ಲ. ಇದಕ್ಕಿಂತ ನಾಚಿಕೆಯ ವಿಷಯ ಬೇರೆ ಇಲ್ಲ.

ಇನ್ನೊಂದು. ನೀನು ಸ್ವಿಚ್ಚು ಆರಿಸಿದಾಗ ನಾನು ಎಚ್ಚರವಾಗಿದ್ದೆ, ನೋಡುತ್ತಿದ್ದೆ. ನಾನೂ ಮಗ್ಗದವನೇ. ನಿಲ್ಲಿಸಿದ್ದು ಸರಿಯಾಯಿತು ಎಂದು ನನಗೂ ಅನ್ನಿಸಿತು. ಬೇಡ ಎಂದು ಕೈಯಾಡಿಸಬಹುದಿತ್ತು, ಆಡಿಸಲಿಲ್ಲ. ಕಣ್ಣು ಮುಚ್ಚಿ ನಿದ್ದೆ ಮಾಡಿದೆ. ಬೆಳಿಗ್ಗೆ ಬೈಗುಳ ಮಾತ್ರ ನಿನ್ನ ಪಾಲಿಗೆ ಬಂತು.

ಹೋದ ವಾರ ದೊಡ್ಡ ಆಪರೇಷನ್ ಆಯಿತು. ಎದೆಯ ಮೇಲಿನ ಮಾಂಸವನ್ನು ರಕ್ತನಾಳದ ಸಮೇತ ತಿರುಗಿಸಿ ತಂದು ಕುತ್ತಿಗೆಯ ಗಾಯಕ್ಕೆ ತೇಪೆ ಹಾಕಿದ್ದಾರೆ. ಅದರ ಸುತ್ತ ಮತ್ತೆ ಅದೇ ಯಂತ್ರ. ಈಗ ಎಂಜಲು ಸೋರುತ್ತಿಲ್ಲ. ಎದೆಯ ಕೂದಲು ಕುತ್ತಿಗೆಯಲ್ಲಿ ಬೆಳೆಯುತ್ತದಂತೆ, ಅದೊಂದು ಹೊಸ ಅಂದ.

ಡಾಕ್ಟರು ಇನ್ನೊಂದು ಮಾತು ಹೇಳಿದರು. ಗಾಯ ಪೂರ್ತಿ ಮಾಗಿದ ಮೇಲೆ ಒಳಗೆ ಗುಂಡಿಯಷ್ಟು ಸಣ್ಣ ಕವಾಟ ಇಡಬಹುದು, ಧ್ವನಿ ಮತ್ತೆ ಬರುತ್ತದೆ, ಒರಟಾಗಿರುತ್ತದೆ ಆದರೆ ಮಾತಾಡಬಹುದು ಎಂದರು. ನಾನು ಬೇಡ ಎಂದು ಬರೆದುಕೊಟ್ಟೆ. ಆಶ್ಚರ್ಯದಿಂದ ಯಾಕೆ ಎಂದರು. ನನ್ನ ಧ್ವನಿಯಿಂದ ಯಾರಿಗೂ ಒಳ್ಳೆಯದಾಗಿಲ್ಲ ಎಂದು ಬರೆದೆ. ಇನ್ನು ತುಟಿಯನ್ನೂ ಆಡಿಸುವುದಿಲ್ಲ, ಬೇಕಾದ್ದನ್ನು ಸ್ಲೇಟಿನಲ್ಲೇ ಬರೆಯುತ್ತೇನೆ. ಬರೆಯುವಷ್ಟರಲ್ಲಿ ಮನುಷ್ಯನಿಗೆ ಸ್ವಲ್ಪ ಬುದ್ಧಿ ಬರುತ್ತದೆ.

ಹೀಗಾದರೆ ನಿನಗೂ ತೊಂದರೆಯಿಲ್ಲ ಎಂದುಕೊಂಡಿದ್ದೇನೆ.

ಆದಿನಾರಾಯಣಪ್ಪ


ಸಮೇತನಹಳ್ಳಿ
2 ಡಿಸೆಂಬರ್ 2024

ಅರ್ಪಿತಾಳ ಅಪ್ಪನವರಿಗೆ,

ಬರೆಯಬಾರದು ಎಂದುಕೊಂಡಿದ್ದೆ. ನಿಮ್ಮ ಕಾಗದದ ಕೊನೆಯ ಸಾಲು ಓದಿ ಸಿಟ್ಟು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನನಗೂ ಸಿಟ್ಟು ಬರುತ್ತದೆ. ನಿಮ್ಮ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೇ.

ಕವಾಟ ಹಾಕಿಸಿಕೊಳ್ಳಿ.

ನನ್ನ ಸಲುವಾಗಿ ಮೂಗನಾಗಿ ಕೂರಬೇಡಿ. ಹಾಗೆ ಕೂತ ಗಂಡನನ್ನು ಕಟ್ಟಿಕೊಂಡು ನಾನೇನು ಮಾಡಲಿ? ಕೂಗಲು ಆಗದವನು ಕೂಗದೇ ಇದ್ದರೆ ಅದರಲ್ಲಿ ನನಗೆ ತಿಳಿಯುವುದಾದರೂ ಏನು? ಕೈ ಕಟ್ಟಿದವನು ಹೊಡೆಯಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಲೇ? ಧ್ವನಿ ಬರಲಿ. ಬಂದ ಮೇಲೆ ಸಾರಿಗೆ ಉಪ್ಪು ಹೆಚ್ಚಾಗಲಿ, ಒಣಗಲು ಹಾಕಿದ ಬಟ್ಟೆ ಮಳೆಗೆ ನೆನೆಯಲಿ. ಅವತ್ತು ಆ ಧ್ವನಿ ಏನು ಮಾಡುತ್ತದೆ ಎಂಬುದು ನನಗೆ ತಿಳಿಯಬೇಕು. ಅದು ತಿಳಿಯದೆ ನಿಮ್ಮ ಮನೆಯಲ್ಲಿ ಹೆದರಿಕೊಂಡೇ ಇರಬೇಕಾಗುತ್ತದೆ, ಮೊದಲಿಗಿಂತ ಹೆಚ್ಚು.

ಸ್ವಿಚ್ಚಿನ ವಿಷಯದಲ್ಲಿ ನೀವೂ ನೋಡುತ್ತಿದ್ದಿರಿ ಎಂದು ಬರೆದದ್ದಕ್ಕೆ ಸಮಾಧಾನವಾಯಿತು. ಎರಡು ತಿಂಗಳಿಂದ ಅನ್ನ ಸೇರುತ್ತಿರಲಿಲ್ಲ.

ಇಷ್ಟು ಕಾಗದ ಬರೆದಿದ್ದೀರಿ. ಗಾಯ, ಯಂತ್ರ, ಸ್ಪಂಜು, ರಮ್ಯ, ಭಾಗ್ಯಮ್ಮನ ಮಗ್ಗ ಎಲ್ಲವೂ ಇದೆ. ಬಾ ಎಂಬ ಒಂದಕ್ಷರ ಯಾವುದರಲ್ಲೂ ಇಲ್ಲ. ಆಗಸ್ಟಿನಲ್ಲಿ ಬಂದವಳು ನಾನಾಗಿಯೇ ಬಂದೆ.

ಗಂಗಲಕ್ಷ್ಮಮ್ಮ


ದೊಡ್ಡಬಳ್ಳಾಪುರ
9 ಮಾರ್ಚ್ 2025

ಗಂಗಲಕ್ಷ್ಮಿಗೆ,

ಯಂತ್ರವನ್ನು ಡಿಸೆಂಬರಿನಲ್ಲೇ ತೆಗೆದರು. ಇಷ್ಟು ದಿನ ಕುತ್ತಿಗೆಗೆ ಕಟ್ಟಿಕೊಂಡದ್ದನ್ನು ಬಿಚ್ಚಿದಾಗ ಹಗುರವಾಗಬೇಕಿತ್ತು, ಆಗಲಿಲ್ಲ. ನನ್ನನ್ನು ಬಿಡದೆ ಎಳೆದು ಹಿಡಿದುಕೊಂಡಿದ್ದದ್ದು ಅದೊಂದೇ ಆಗಿತ್ತು. ಗಾಯ ಮುಚ್ಚಿದೆ. ಬಾಯಿಂದ ಊಟ ಮಾಡುತ್ತಿದ್ದೇನೆ, ಮೊದಲು ಗಂಜಿ, ಈಗ ಮೆತ್ತಗಿನ ಮುದ್ದೆ.

ಹದಿನೈದು ದಿನದ ಹಿಂದೆ ಕವಾಟ ಹಾಕಿದರು. ಉಸಿರು ಎಳೆದುಕೊಂಡು, ಹೆಬ್ಬೆರಳಿನಿಂದ ಕುತ್ತಿಗೆಯ ತೂತನ್ನು ಮುಚ್ಚಿ ಬಿಟ್ಟರೆ ಗಾಳಿ ಬಾಯಿಗೆ ಬಂದು ಸದ್ದಾಗುತ್ತದೆ. ಕಲಿಸುವ ಮೇಡಂ ‘ಏನಾದ್ರೂ ಹೇಳಿ, ನಿಮಗಿಷ್ಟ ಬಂದಿದ್ದು’ ಎಂದರು. ಬಾಯಿ ತೆರೆದೆ. ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದದ್ದೆಲ್ಲಾ ಬೈಗುಳವೇ. ಕೊನೆಗೆ ಒಂದು, ಎರಡು, ಮೂರು ಎಂದೆ. ಅರ್ಪಿತ ಅತ್ತಳು, ರಮ್ಯ ವಾರ್ಡಿನಿಂದ ಓಡಿಬಂದು ಕೇಳಿಸಿಕೊಂಡು ಹೋದಳು. ತುಕ್ಕು ಹಿಡಿದ ಕೀಲಿನಂಥ ಧ್ವನಿ. ನನ್ನದು ಎಂದು ನನಗೇ ಗುರುತು ಸಿಗಲಿಲ್ಲ.

ಆ ಧ್ವನಿ ಏನು ಮಾಡುತ್ತದೆ ಎಂದು ನೀನು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇನ್ನೂ ನನಗೂ ಪೂರ್ತಿ ಗೊತ್ತಿಲ್ಲ. ಮೊನ್ನೆ ಭಾಗ್ಯಮ್ಮನ ಮನೆಯವರು ನೂಲಿನ ಮೂಟೆಗಳನ್ನು ನಮ್ಮ ಬಾಗಿಲಿಗೇ ಅಡ್ಡವಾಗಿ ಇಳಿಸಿದರು. ಸಿಟ್ಟು ಮೊದಲಿನಷ್ಟೇ ಬಂತು, ಒಂದು ಗುಂಜಿಯೂ ಕಡಿಮೆಯಿಲ್ಲ. ಆದರೆ ಈಗ ಕೂಗಬೇಕಾದರೆ ಮೊದಲು ಕೈಯೆತ್ತಿ ಕುತ್ತಿಗೆಗೆ ಬೆರಳಿಡಬೇಕು. ಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ನಿನ್ನ ಮುಖ ಕಣ್ಣಿಗೆ ಬಂತು. ‘ಸ್ವಲ್ಪ ಆ ಕಡೆ ಸರಿಸ್ತೀರಾ’ ಎಂದೆ. ಭಾಗ್ಯಮ್ಮ ನನ್ನನ್ನು ಬೇರೆ ಯಾರೋ ಎಂಬಂತೆ ನೋಡಿದರು. ಆಮೇಲೆ ಒಳಗೆ ಬಂದು ಒಬ್ಬನೇ ಕೂತಾಗ ಬೈಗುಳ ತುಟಿಗೆ ಬಂತು. ಅದನ್ನೂ ಬರೆಯುತ್ತಿದ್ದೇನೆ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ತುಟಿ ಒತ್ತಿ ಹಿಡಿದುಕೊಂಡೆ. ನೋಡುವವರು ಯಾರೂ ಇರಲಿಲ್ಲ. ನೀನಿಲ್ಲದ ಮನೆಯಲ್ಲಿ ಒಳ್ಳೆಯವನಾಗಿರುವುದು ಕಷ್ಟವೂ ಅಲ್ಲ, ಪ್ರಯೋಜನವೂ ಇಲ್ಲ.

ಕವಾಟ ಹಾಕಿದ ದಿನವೇ ನಿನ್ನ ಅಕ್ಕನ ಫೋನಿಗೆ ಮಾಡಬಹುದಿತ್ತು. ಮಾಡಲಿಲ್ಲ. ಈ ಕಾಗದದಲ್ಲಾದರೂ ನೀನು ಹೇಳಿದ ಆ ಒಂದಕ್ಷರ ಬರೆಯೋಣ ಎಂದು ಎರಡು ಸಲ ಪೆನ್ನು ಇಟ್ಟೆ, ಎತ್ತಿದೆ. ನಿನ್ನ ಮೇಲೆ ಕೂಗಿದ್ದು ಕಾಗದವಲ್ಲ, ಗಂಟಲು. ಕೇಳಬೇಕಾದದ್ದೂ ಗಂಟಲೇ, ಈ ಹೊಲಿದ ಗಂಟಲೇ.

ಬರುವ ಭಾನುವಾರ ನಾನು ಬರುತ್ತೇನೆ. ಅರ್ಪಿತ, ಮನೋಹರ್ ಯಾರೂ ಜೊತೆಗಿರುವುದಿಲ್ಲ. ಹೊಸಕೋಟೆಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅಕ್ಕನ ಮನೆಯ ಹೊಸ್ತಿಲ ಹೊರಗೆ ನಿಂತು, ಕುತ್ತಿಗೆಗೆ ಬೆರಳಿಟ್ಟು, ಮನೆಗೆ ಬರ್ತೀಯಾ ಎಂದು ನಿನ್ನನ್ನು ಕೇಳುತ್ತೇನೆ. ಧ್ವನಿ ಜೋರಾಗಿ ಬರುವುದಿಲ್ಲ, ನೀನು ಸ್ವಲ್ಪ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ನೀನು ಇಲ್ಲ ಎಂದರೆ ಎರಡನೇ ಸಲ ಕೇಳುವುದಿಲ್ಲ. ಹೊಸಕೋಟೆಗೆ ಸಂಜೆಯ ಬಸ್ಸು ಇದೆ, ಅದರಲ್ಲಿ ವಾಪಸ್ಸು ಬರುತ್ತೇನೆ.

ಆದಿನಾರಾಯಣಪ್ಪ